ಮಾಲೀಕರ ಸಂಘದ ಮಾಳಿಗೆ

ಅಧಿಕಾರದ ಆಸೆ ತನಗಿಲ್ಲ ಎನ್ನುವವರನ್ನು ನಾನು ನಂಬುವುದಿಲ್ಲ. ಹಾಗೆ ಹೇಳಿಕೊಂಡು ತಿರುಗಿದವರಲ್ಲಿ ನಾನೂ ಒಬ್ಬನಾದ್ದರಿಂದ ಈ ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ಮುನಿರಾಬಾದಿನ ನೀರಾವರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದಾಗ ಎಷ್ಟೋ ಊರುಗಳ ಕಾಲುವೆ ನೀರು ನನ್ನ ಮೇಜಿನ ಮೇಲೆ ಕಾಗದವಾಗಿ ಹರಿದು ಹೋಗುತ್ತಿತ್ತು. ಆದರೆ ನನ್ನ ಬೆನ್ನ ಹಿಂದಿನ ಕಿಟಕಿಯೊಂದನ್ನು ತೆರೆಯಬೇಕೆಂದರೆ ಹೆಡ್ ಕ್ಲಾರ್ಕರ ಮುಖ ನೋಡಬೇಕಾಗಿತ್ತು. ಅವರಿಗೆ ಗಾಳಿ ಆಗಿಬರುತ್ತಿರಲಿಲ್ಲ. ಸಂಜೆ ರೈಲಿನಲ್ಲಿ ಕೊಪ್ಪಳಕ್ಕೆ ಬಂದು ಮನೆ ಸೇರಿದರೆ ಅಲ್ಲಿ ನನ್ನ ಹುಕುಂ ನಡೆಯುತ್ತಿದ್ದದ್ದು ರೇಡಿಯೋದ ಮೇಲೆ ಮಾತ್ರ, ಅದೂ ಸೆಲ್ಲು ಮುಗಿಯುವವರೆಗೆ. ಇಂಥವನ ಕೈಗೆ ಒಂದು ದಿನ ಒಂದು ಬೀಗದ ಕೈ ಬಂದರೆ ತಲೆ ನೆಟ್ಟಗೆ ಉಳಿದೀತೆ? ನನ್ನದು ಉಳಿಯಲಿಲ್ಲ.

ಅದು ಎಂಬತ್ತರ ದಶಕದ ನಡುವಿನ ಮಾತು. ಕೊಪ್ಪಳದ ಹೊರಗೆ ಗುಡ್ಡದ ಮಗ್ಗುಲಲ್ಲಿ ನಮ್ಮ ನೌಕರರ ಕಾಲೋನಿ ಎದ್ದು ಕೆಲವು ವರ್ಷಗಳಾಗಿದ್ದವು. ನಾವು ಮನೆ ಕಟ್ಟಿಸಿದ ಕಾಲಕ್ಕೆ ಸಿಮೆಂಟಿಗೆ ಪರ್ಮಿಟ್ ಬೇಕಾಗಿತ್ತು. ಮಗಳಿಗೆ ವರ ಹುಡುಕುವವರು ಕೂಡ ಅಷ್ಟು ಅಲೆದಿರಲಿಕ್ಕಿಲ್ಲ, ನಾವು ನಾಲ್ಕು ಚೀಲ ಸಿಮೆಂಟಿಗಾಗಿ ಅಲೆದೆವು. ಸಿಕ್ಕ ಸಿಮೆಂಟು ಗೋಡೆಗೇ ಸಾಲಲಿಲ್ಲ. ಹೀಗಾಗಿ ಕಾಲೋನಿಯ ಮನೆಗಳ ಮೇಲೆ ಕೆಲವಕ್ಕೆ ತಗಡು ಬಂತು, ಕೆಲವಕ್ಕೆ ಮಂಗಳೂರು ಹಂಚು ಬಂತು. ಗಂಡಸರಾದ ನಮಗೆ ಇದರಲ್ಲಿ ಕೊರತೆಯೇನೂ ಕಾಣಲಿಲ್ಲ. ತಲೆ ಮೇಲೆ ಸೂರು ಇದ್ದರಾಯಿತು, ಅದು ಚಪ್ಪಟೆಯಾಗಿದ್ದರೇನು ಇಳಿಜಾರಾಗಿದ್ದರೇನು? ಆದರೆ ನಮ್ಮ ಹೆಂಗಸರೆಲ್ಲ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಬೆಳೆದವರು. ಅವರಿಗೆ ಮಾಳಿಗೆ ಎಂದರೆ ಬಿಸಿಲಿನಲ್ಲಿರುವ ಇನ್ನೊಂದು ಅಡಿಗೆಮನೆ. ಬೇಸಿಗೆ ಬಂತೆಂದರೆ ಹಪ್ಪಳ, ಸಂಡಿಗೆ, ಶಾವಿಗೆ, ಮೆಣಸಿನಕಾಯಿ ಎಲ್ಲವೂ ಮೇಲೇರಬೇಕು. ಹಂಚಿನ ಮೇಲೆ ಹಪ್ಪಳ ಹಾಕಿದರೆ ಜಾರಿ ಪಕ್ಕದ ಮನೆಗೆ ಹೋಗುತ್ತದೆ. ಅಂಗಳದಲ್ಲಿ ಹಾಕೋಣವೆಂದರೆ ಗುಡ್ಡದ ಗಾಳಿಯ ಧೂಳು, ಮೇಲಾಗಿ ಆಡುಗಳ ಕಾಟ. ನನ್ನ ಹೆಂಡತಿ ಶಾಂತಾ ತವರಿನ ಬಂಗಾರವನ್ನು ನೆನೆಸಿಕೊಂಡದ್ದನ್ನು ನಾನು ಕೇಳಿಲ್ಲ. ಯಲಬುರ್ಗಾದ ತವರಿನ ಮಾಳಿಗೆಯನ್ನು ಮಾತ್ರ ಪ್ರತಿ ಬೇಸಿಗೆಯಲ್ಲೂ ನೆನೆಸಿಕೊಳ್ಳುತ್ತಿದ್ದಳು, ಅದೂ ನಾನು ಊಟಕ್ಕೆ ಕುಳಿತಾಗ.

ಕಾಲೋನಿ ಎಂದ ಮೇಲೆ ಸಂಘ ಬೇಕಲ್ಲ. ‘ಮನೆ ಮಾಲೀಕರ ಸಂಘ’ ಎಂದು ಒಂದನ್ನು ಕಟ್ಟಿದೆವು. ಅಧ್ಯಕ್ಷರು ದೊಡ್ಡಬಸಪ್ಪನವರು, ಕಂದಾಯ ಇಲಾಖೆಯಲ್ಲಿ ಗಿರ್ದಾವರರಾಗಿ ನಿವೃತ್ತರಾದವರು. ನಿಜಾಮರ ಕಾಲದ ಕೊನೆಯಲ್ಲಿ ನೌಕರಿಗೆ ಸೇರಿದವರಾದ್ದರಿಂದ ಅವರ ಬಾಯಲ್ಲಿ ಕಾಯ್ದೆ, ತಕರಾರು, ಬಂದೋಬಸ್ತು, ಮಂಜೂರಿ ಎಂಬ ಮಾತುಗಳು ಉಗುಳಿನಷ್ಟೇ ಸಲೀಸಾಗಿ ಬರುತ್ತಿದ್ದವು. ಒಳ್ಳೆಯ ಮನುಷ್ಯ. ಆದರೆ ಮೂವತ್ತು ವರ್ಷ ಊರೂರು ತಿರುಗಿ ಇನ್ನೊಬ್ಬರ ಹೊಲ ಅಳೆದವರು, ಈಗ ಅಳೆಯಲು ಏನೂ ಇಲ್ಲದೆ ನಮ್ಮನ್ನು ಅಳೆಯತೊಡಗಿದ್ದರು. ನಿಯಮಾವಳಿಯನ್ನು ಅವರೇ ಹೇಳಿ ಬರೆಸಿದರು. ಬರೆದವನು ನಾನು, ಏಕೆಂದರೆ ನನ್ನ ಅಕ್ಷರ ದುಂಡಗಿತ್ತು. ಅಕ್ಷರ ದುಂಡಗಿದ್ದದ್ದರಿಂದಲೇ ನಾನು ಕಾರ್ಯದರ್ಶಿಯಾದೆ. ನಿಯಮದ ಸಾರಾಂಶ ಇಷ್ಟು: ಯಾರ ಹೆಸರಿನಲ್ಲಿ ಮನೆ ಇದೆಯೋ ಅವರು ಮಾಲೀಕರು. ಉಳಿದವರೆಲ್ಲ ನಿವಾಸಿಗಳು. ತೀರ್ಮಾನ ಮಾಡುವ ಅಧಿಕಾರ ಮಾಲೀಕರದು, ಅವರ ಪರವಾಗಿ ಕಮಿಟಿಯದು. ನಿವಾಸಿಗಳು ಸಲಹೆ ಕೊಡಬಹುದು. ಕೊಟ್ಟ ಸಲಹೆಯನ್ನು ಏನು ಮಾಡಬೇಕೆಂಬುದು ಕಮಿಟಿಗೆ ಬಿಟ್ಟದ್ದು.

ಈ ಸಂಘಕ್ಕೆ ಒಂದು ಕೋಣೆಯ ಕಟ್ಟಡವೂ ಆಯಿತು. ಅಷ್ಟು ಹೊತ್ತಿಗೆ ಸಿಮೆಂಟು ಸರಾಗವಾಗಿ ಸಿಗತೊಡಗಿತ್ತು. ಹೀಗಾಗಿ ಅದಕ್ಕೆ ಚಪ್ಪಟೆಯಾದ ಆರ್‌ಸಿಸಿ ಮಾಳಿಗೆ ಬಂತು. ಇಡೀ ಕಾಲೋನಿಯಲ್ಲಿ ಇದ್ದದ್ದು ಅದೊಂದೇ ಮಾಳಿಗೆ. ಮೇಲೆ ಹೋಗಲು ಹೊರಗಿನಿಂದ ಮೆಟ್ಟಿಲು ಕಟ್ಟಿಸಿದ್ದೂ ಅಧ್ಯಕ್ಷರೇ. ಸ್ವಾತಂತ್ರ್ಯ ದಿನದಂದು ಬಾವುಟ ಮೇಲೆ ಹಾರಬೇಕು, ಊರ ಬಸ್‌ಸ್ಟ್ಯಾಂಡಿನಿಂದಲೂ ಕಾಣಬೇಕು ಎಂಬುದು ಅವರ ಆಸೆ. ಬಾವುಟ ಹಾರಿತು. ಚುರುಮುರಿ ಹಂಚಿದೆವು. ಆದರೆ ಬಾವುಟದ ಜೊತೆಗೆ ಮೆಟ್ಟಿಲನ್ನೂ ಹೆಂಗಸರು ನೋಡಿಬಿಟ್ಟರು.

ಮುಂದಿನ ಬೇಸಿಗೆಯ ಹೊತ್ತಿಗೆ ಸಂಘದ ಮಾಳಿಗೆ ಸಂಘದ್ದಾಗಿ ಉಳಿಯಲಿಲ್ಲ. ನಾವು ಕೆಳಗೆ ಕುಳಿತು ಬೀದಿ ದೀಪದ ಬಗ್ಗೆ ಗಂಭೀರವಾಗಿ ಚರ್ಚಿಸುತ್ತಿದ್ದರೆ ಮೇಲಿನಿಂದ ನಗೆ, ಬಳೆ ಸದ್ದು, ಹಲಗೆ ಎಳೆಯುವ ಸದ್ದು. ಒಂದು ರವಿವಾರ ಯಾರೋ ಮೇಲೆ ಬ್ಯಾಡಗಿ ಮೆಣಸಿನಕಾಯಿ ಹರವಿದ್ದರು. ಗಾಳಿ ತಿರುಗಿ ಅದರ ಘಾಟು ಕಿಟಕಿಯಿಂದ ಒಳಗೆ ಬಂತು. ದೊಡ್ಡಬಸಪ್ಪನವರು ‘ಈ ಸಭೆಯು’ ಎಂದು ಶುರು ಮಾಡಿದರು, ಸೀನಿದರು. ಮತ್ತೆ ‘ಈ ಸಭೆಯು’ ಎಂದರು, ಮತ್ತೆ ಸೀನಿದರು. ಸೀನಿನ ನಡುವೆ ಕೈಗೊಂಡ ನಿರ್ಣಯವೇನೆಂದರೆ, ಮಾಳಿಗೆಯ ಮೆಟ್ಟಿಲಿನ ಮೇಲ್ತುದಿಗೆ ಬಾಗಿಲಿಟ್ಟು ಬೀಗ ಹಾಕುವುದು, ಬಳಸಬೇಕೆಂದವರು ಅರ್ಜಿ ಕೊಡುವುದು, ಅರ್ಜಿಯನ್ನು ಕಮಿಟಿ ಕೋರಂ ಸಹಿತ ಕುಳಿತು ವಿಚಾರ ಮಾಡುವುದು.

ಸಾಮಾನ್ಯ ಸಭೆಯಲ್ಲಿ ಇದನ್ನು ಓದಿ ಹೇಳಿದಾಗ ಒಬ್ಬರೂ ತಕರಾರು ತೆಗೆಯಲಿಲ್ಲ. ನಮ್ಮ ಕಡೆಯವರ ರೀತಿಯೇ ಹಾಗೆ. ಹಿರಿಯರ ಮುಖಕ್ಕೆ ಇಲ್ಲ ಎನ್ನುವುದು ನಮಗೆ ಬಾರದು. ಎಲ್ಲರೂ “ಆತ್ರಿ, ಛಲೋ ಆತ್ರಿ” ಎಂದು ಚಹಾ ಕುಡಿದು ಎದ್ದು ಹೋದರು. ಹೋಗುವಾಗ ದಾರಿಯಲ್ಲಿ ಏನೆಂದರೋ ಅದು ನಡವಳಿ ಪುಸ್ತಕದಲ್ಲಿ ಇಲ್ಲ.

ಬೀಗದ ಕೈ ನನ್ನ ಪಾಲಿಗೆ ಬಂತು. ಅದನ್ನು ಗೂಟಕ್ಕೆ ತೂಗಿಹಾಕಿದರೆ ಮನೆಯವಳ ಕೈಗೆ ಸಿಗುತ್ತದೆ, ಜೇಬಿನಲ್ಲಿಟ್ಟರೆ ಅಂಗಿ ಒಗೆಯುವವಳೂ ಅವಳೇ. ಬಹಳ ಯೋಚಿಸಿ ಉಡದಾರಕ್ಕೆ ಕಟ್ಟಿಕೊಂಡೆ. ನಡೆಯುವಾಗ ಅದು ಸೊಂಟಕ್ಕೆ ತಣ್ಣಗೆ ತಾಗುತ್ತಿತ್ತು. ಕಚೇರಿಯಲ್ಲಿ ಹೆಡ್ ಕ್ಲಾರ್ಕರು ಗದರಿಸಿದಾಗಲೂ ಅದನ್ನೊಮ್ಮೆ ಮುಟ್ಟಿ ನೋಡಿಕೊಂಡರೆ ಸಮಾಧಾನವಾಗುತ್ತಿತ್ತು.

ಹೀಗಿರುವಾಗ ನಮ್ಮ ಪಕ್ಕದ ಮನೆಯ ಖಾತೂನ್‌ಬಿಯ ಮಗಳ ನಿಕಾಹ್ ಗೊತ್ತಾಯಿತು. ಖಾತೂನ್‌ಬಿಯ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ರಂಜಾನ್ ಹಬ್ಬವಾದ ಮೇಲೆ ಮದುವೆ. ಮದುವೆಗೂ ಹಬ್ಬಕ್ಕೂ ಸೇರಿಸಿ ಶಾವಿಗೆ ಆಗಬೇಕು. ಆ ವಾರ ಕಳೆದರೆ ರೋಜಾ ಶುರುವಾಗುತ್ತದೆ. ಉಪವಾಸವಿದ್ದು ಬಿಸಿಲಿನಲ್ಲಿ ಕೂತು ಶಾವಿಗೆ ಎಳೆಯುವುದು ಆಗದ ಮಾತು. ಆಕೆ ಪಾಪ ಸರಿಯಾದ ರೀತಿಯಲ್ಲಿ ಅರ್ಜಿ ಕೊಟ್ಟಿದ್ದಳು. ಆದರೆ ಮದುವೆಯ ಹಂಗಾಮು. ಕಮಿಟಿಯ ಒಬ್ಬರು ಗಂಗಾವತಿಯಲ್ಲಿ ಅಕ್ಷತೆ ಹಾಕುತ್ತಿದ್ದರೆ ಇನ್ನೊಬ್ಬರು ಕಾರಟಗಿಯಲ್ಲಿ ಊಟಕ್ಕೆ ಕುಳಿತಿರುತ್ತಿದ್ದರು. ಕೋರಂ ಕೂಡಲೇ ಇಲ್ಲ. ಅರ್ಜಿ ನನ್ನ ಟ್ರಂಕಿನಲ್ಲಿ ತಣ್ಣಗೆ ಮಲಗಿತ್ತು.

ಒಂದು ರವಿವಾರ ಬೆಳಿಗ್ಗೆ ನಾನು ಹಲ್ಲು ಉಜ್ಜುತ್ತಿರುವಾಗ ಶಾಂತಾ ಬಂದು ಎದುರಿಗೆ ನಿಂತಳು.

“ಕೀಲಿ ಕೊಡ್ರಿ.”

“ಯಾವ ಕೀಲಿ?” ಎಂದೆ, ನಾಲ್ಕೈದು ಕೀಲಿ ಇರುವವನ ಹಾಗೆ.

“ಖಾತೂನ್‌ಬಿ ಹಿಟ್ಟು ನಾದ್ಯಾಳ. ಒದ್ದಿ ಅರಿಬಿ ಮುಚ್ಚಿಟ್ಟಾಳ. ಕಾರಟಗಿಯಿಂದ ಆಕಿ ತಂಗೇರು ಬಂದಾರ. ಶಾವಿಗಿ ಮಣಿ ಇವತ್ತೊಂದ ದಿನ ನಮ್ಮ ಓಣಿಗೆ ಸಿಕ್ಕೈತಿ, ನಾಳೆ ಮುಂದಿನ ಓಣಿಗೆ ಹೋಗತೈತಿ. ಮಧ್ಯಾಹ್ನ ಆತಂದ್ರ ಹಿಟ್ಟು ಹುಳಿ ಬರತೈತಿ.”

“ಮಂಜೂರಿ ಇಲ್ಲದ ಯಾಕ ನಾದಿದಳು?”

“ನಾ ನಾದು ಅಂದೆ.” ಆಮೇಲೆ ದನಿ ಸ್ವಲ್ಪ ತಗ್ಗಿಸಿ ಹೇಳಿದಳು: “ನಮ್ಮವರ ಕೈಯಾಗ ಕೀಲಿ ಐತಿ, ನೀ ಯಾಕ ಕಾಳಜಿ ಮಾಡತಿ ಅಂತ ಮಾತು ಕೊಟ್ಟೀನಿ.”

ಈಗ ನೋಡಿ ನನ್ನ ಪರಿಸ್ಥಿತಿ. ಒಂದು ಕಡೆ ಕಾಯ್ದೆ, ಇನ್ನೊಂದು ಕಡೆ ಹೆಂಡತಿಯ ಮಾತು, ಮಧ್ಯದಲ್ಲಿ ಹುಳಿ ಬರುತ್ತಿರುವ ಹಿಟ್ಟು. ಮಗಳ ಮದುವೆಯ ಮನೆಯಲ್ಲಿ ಹಿಟ್ಟು ಹಾಳಾದರೆ ನಷ್ಟವೊಂದೇ ಅಲ್ಲ, ಅಪಶಕುನವೆಂದು ಬೀಗರು ಆಡಿಕೊಳ್ಳುತ್ತಾರೆ. ನನಗೆ ನಿಜವಾಗಿ ಕೆಡುಕೆನಿಸಿತು. ಆದರೆ ಅಧ್ಯಕ್ಷರು ಕುಷ್ಟಗಿಗೆ ಬೀಗರ ಮನೆಗೆ ಹೋಗಿದ್ದರು. ಅವರಿಲ್ಲದೆ ಬೀಗ ತೆಗೆದರೆ ನಾಳೆ ಎಲ್ಲರೂ ತೆಗೆಯೆನ್ನುತ್ತಾರೆ, ಕಾರ್ಯದರ್ಶಿ ಎಂಬ ಪದವಿಗೆ ಏನು ಬೆಲೆ? ಹೀಗೆಲ್ಲ ಹೇಳಿದೆ. ಶಾಂತಾ ಪೂರ್ತಿ ಕೇಳಿದಳು. ಅವಳು ಜಗಳವಾಡಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟು ಹೊರಗೆ ಹೋದಳು.

ಮುಖ ತೊಳೆದು ಹೋಗಿ ನೋಡುತ್ತೇನೆ, ಸಂಘದ ಮೆಟ್ಟಿಲಿನ ಮೇಲೆ ಒಂದೊಂದಕ್ಕೆ ಒಬ್ಬೊಬ್ಬರಂತೆ ಹೆಂಗಸರು ಕುಳಿತುಬಿಟ್ಟಿದ್ದಾರೆ. ಶಾವಿಗೆ ಮಣೆ ಕೆಳಗೆ ಗೋಡೆಗೆ ಒರಗಿದೆ. ಪರಾತದಲ್ಲಿ ಹಿಟ್ಟಿನ ಮುದ್ದೆ, ಅದರ ಪಕ್ಕದಲ್ಲಿ ಖಾತೂನ್‌ಬಿ. ಆಕೆ ಅರಿವೆ ಎತ್ತಿ ಎತ್ತಿ ಹಿಟ್ಟು ಮೂಸಿ ನೋಡುತ್ತಿದ್ದಳು. ಕೆಳಗಿನ ಮೆಟ್ಟಿಲಲ್ಲಿ ಎಲೆಯಡಿಕೆ ಹಾಕಿಕೊಂಡು ಕುಳಿತವರು ಗೌರಮ್ಮನವರು, ದೊಡ್ಡಬಸಪ್ಪನವರ ಧರ್ಮಪತ್ನಿ. ನನ್ನನ್ನು ನೋಡಿ ಖಾತೂನ್‌ಬಿ, “ಭಾಯ್, ನಾ ಅರ್ಜಿ ಕೊಟ್ಟಿದ್ನೆಲ್ರಿ. ನನ್ನ ಕಡಿಂದ ಏನರ ಚೂಕ್ ಆಗೈತೇನ್ರಿ?” ಎಂದಳು. ಆಕೆ ಬಯ್ದಿದ್ದರೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ನಾನು ಅಲ್ಲಿಂದ ಸೈಕಲ್ ಏರಿ ನೇರ ಬಸ್‌ಸ್ಟ್ಯಾಂಡಿಗೆ ಓಡಿದೆ.

ನನ್ನ ಪುಣ್ಯ, ಕುಷ್ಟಗಿಯ ಬಸ್ಸಿನಿಂದ ಅಧ್ಯಕ್ಷರು ಇಳಿಯುತ್ತಿದ್ದರು. ಕೊಡೆ, ಚೀಲ, ಬೀಗರ ಮನೆಯ ಹೋಳಿಗೆ ಎಲ್ಲವನ್ನೂ ಸೈಕಲ್ಲಿಗೆ ತೂಗಿಸಿ ದಾರಿಯುದ್ದಕ್ಕೂ ವಿಷಯ ಹೇಳುತ್ತ ಬಂದೆ. ಹೇಳಿದಷ್ಟೂ ಅವರ ನಡಿಗೆ ಗಿರ್ದಾವರರ ನಡಿಗೆಯಾಯಿತು. ಮೆಟ್ಟಿಲ ಮುಂದೆ ಬಂದು ನಿಂತಾಗ ಪೂರ್ತಿ ದಫ್ತರೇ ಬಂದು ನಿಂತಂತಿತ್ತು.

“ಏನಿದು? ಕಮಿಟಿ ತೀರ್ಮಾನ ಆಗೂದಕ್ಕಿಂತ ಮೊದಲ ಹಿಂಗ ಬಂದು ಕುಂತರ ಸಂಘ ಯಾಕ ಬೇಕು?”

ಗೌರಮ್ಮನವರು ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿದರು. “ಹಂಗಾರ ಈಗ ತೀರ್ಮಾನ ಮಾಡ್ರಿ. ಯಾರು ಬ್ಯಾಡ ಅಂದಾರ?”

“ಈಗ ಹ್ಯಾಂಗ ಆಗತೈತಿ? ಕೋರಂ ಇಲ್ಲ. ತುರ್ತು ಸಭಾ ಕರೀಬೇಕಂದ್ರ ಮಾಲಕರು ಕೇಳಬೇಕು. ಕಾಯ್ದೆ ಐತಿ. ನೀವೆಲ್ಲಾ ನಿವಾಸಿಗಳು. ನೀವು ಸಲಹಾ ಕೊಡಬಹುದು.”

“ಮಾಲಕರು ಅಂದ್ರ ಯಾರ್ರೀ?”

“ಯಾರ ಹೆಸರಿಲೆ ಮನಿ ಐತೋ ಅವರು.” ಅಧ್ಯಕ್ಷರು ಇಷ್ಟು ಸುಲಭದ ಪ್ರಶ್ನೆ ಕೇಳಿದ್ದಕ್ಕೆ ಕನಿಕರದಿಂದ ನಕ್ಕರು.

“ನಮ್ಮ ಮನಿ ಯಾರ ಹೆಸರಿಲೆ ಐತ್ರಿ?”

ದೊಡ್ಡಬಸಪ್ಪನವರು ಬಾಯಿ ತೆರೆದರು. ಈ ಸಲ ಮೆಣಸಿನಕಾಯಿ ಇರಲಿಲ್ಲ, ಆದರೂ ಮಾತು ಬರಲಿಲ್ಲ. ಅವರು ನನ್ನ ಕಡೆ ನೋಡಿದರು. ನಾನು ಸೈಕಲ್ಲಿನ ಬೆಲ್ಲಿನ ಕಡೆ ನೋಡಿದೆ. ಅಷ್ಟರಲ್ಲಿ ಮೂರನೆಯ ಮೆಟ್ಟಿಲಿನಿಂದ ನನ್ನ ಹೆಂಡತಿಯ ದನಿ ಬಂತು: “ನಮ್ಮನಿ ಯಾರ ಹೆಸರಿಲೆ ಐತಿ, ಹೇಳ್ರಿ ಸೆಕ್ರೆಟರಿ ಸಾಹೇಬ್ರ.”

“ನಿನ್ನ ಹೆಸರಿಲೆನ ಐತಿ,” ಎಂದೆ. ಹೆಡ್ ಕ್ಲಾರ್ಕರ ಮುಂದೆ ನಿಂತಾಗ ಬರುವ ದನಿಯೇ ಬಂತು.

ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಸೈಟು ಕೊಂಡ ಕಾಲಕ್ಕೆ ಸರ್ಕಾರಿ ನೌಕರ ತನ್ನ ಹೆಸರಿನಲ್ಲಿ ಜಾಗ ಕೊಳ್ಳಬೇಕಾದರೆ ಇಲಾಖೆಗೆ ತಿಳಿಸಬೇಕು, ಮೇಲಿನವರು ಹೂಂ ಅನ್ನುವವರೆಗೆ ಕಾಯಬೇಕು, ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕು ಎಂದು ನಾವೆಲ್ಲ ಅಂಜಿದ್ದೆವು. ಆ ಉಸಾಬರಿಯೇ ಬೇಡವೆಂದು ಯಾರೋ ಒಬ್ಬರು ಹೆಂಡತಿಯ ಹೆಸರಿಗೆ ಬರೆಸಿದರು. ಅವರನ್ನು ನೋಡಿ ಉಳಿದವರೂ ಹಾಗೆಯೇ ಮಾಡಿದೆವು. ಕಚೇರಿಯ ಅಂಜಿಕೆಯಿಂದ ಮಾಡಿಸಿದ್ದನ್ನು ಮನೆಯಲ್ಲಿ ಹಾಗೆಂದು ಹೇಳಲಾಗುತ್ತದೆಯೇ? ಒಂದು ಮೊಳ ಮಲ್ಲಿಗೆ ತಂದು, “ಮನಿ ನಿನ್ನ ಹೆಸರಿಲೆ ಮಾಡೀನಿ, ಇನ್ನ ನೀನ ಮಾಲಕಿ” ಎಂದು ನಾನು ದೊಡ್ಡ ಮನಸ್ಸಿನವನ ಹಾಗೆ ಹೇಳಿದ್ದೆ. ಕಾಲೋನಿಯ ಗಂಡಸರೆಲ್ಲ ಹೆಚ್ಚುಕಡಿಮೆ ಇದೇ ಮಾತನ್ನು ಹೇಳಿದ್ದರೆಂದು ಆ ದಿನ ಮೆಟ್ಟಿಲ ಮೇಲೆ ತಿಳಿಯಿತು. ಆಮೇಲೆ ನಾವು ಗಂಡಸರು ಅದನ್ನು ಮರೆತು ‘ಮಾಲೀಕರ ಸಂಘ’ ಕಟ್ಟಿ, ಮಾಲೀಕರ ಜಾಗದಲ್ಲಿ ನಾವೇ ಸಹಿ ಹಾಕಿ, ಮನೆಯ ನಿಜವಾದ ಒಡತಿಯರಿಗೆ ಸಲಹೆ ಕೊಡುವ ಹಕ್ಕನ್ನು ದಯಪಾಲಿಸಿದ್ದೆವು. ಕಾಯ್ದೆ ಬರೆಸಿದವರಿಗೂ ಹೊಳೆಯಲಿಲ್ಲ, ದುಂಡಗೆ ಬರೆದವನಿಗೂ ಹೊಳೆಯಲಿಲ್ಲ.

“ನಮ್ಮದೂ ನನ್ನ ಹೆಸರ್ ಮ್ಯಾಲೆನೇ ಐತಿ,” ಎಂದಳು ಖಾತೂನ್‌ಬಿ, ಹಿಟ್ಟಿನ ಮೇಲಿನ ಅರಿವೆ ಸರಿಪಡಿಸುತ್ತ. ಅಲ್ಲಿಂದ ಮೇಲಿನ ಮೆಟ್ಟಿಲವರೆಗೆ “ನಮ್ಮದೂ”, “ನಮ್ಮದೂ” ಎಂಬ ದನಿ ಏರುತ್ತ ಹೋಯಿತು.

“ಅಂದಮ್ಯಾಲೆ ಮಾಲಕರೆಲ್ಲಾ ಇಲ್ಲೇ ಕುಂತೀವಿ,” ಎಂದರು ಗೌರಮ್ಮ. “ಕೋರಂ ಅಂದ್ರ ಎಷ್ಟ ಮಂದಿ ಬೇಕೋ ಅದಕ್ಕಿಂತ ಹೆಚ್ಚ ಅದೀವಿ. ಏನಂತೀರ್ರೆವ್ವಾ, ಕೀಲಿ ತಗೀಬೇಕೋ ಬ್ಯಾಡೋ?”

ತೆಗೆಯಬೇಕೆಂದು ಒಂದೇ ಉಸಿರಿಗೆ ತೀರ್ಮಾನವಾಯಿತು. ದೊಡ್ಡಬಸಪ್ಪನವರನ್ನು ನಾನು ಆ ದಿನ ಮೆಚ್ಚಿದೆ. ಕಾಯ್ದೆ ತಮ್ಮ ಮೇಲೆಯೇ ತಿರುಗಿದರೂ ಅವರು ಕಾಯ್ದೆಯ ಕೈ ಬಿಡಲಿಲ್ಲ. ಕೊಡೆ ಊರಿಕೊಂಡು ನಿಂತು, “ಸರ್ವಾನುಮತ ಅಂತ ಬರ್ಕೊರಿ” ಎಂದರು ನನಗೆ. ಅವರ ಮೀಸೆಯ ಕೆಳಗೆ ಒಂದು ನಗೆ ಹೊರಗೆ ಬರಲೋ ಬೇಡವೋ ಎಂದು ಅನುಮಾನಿಸುತ್ತಿತ್ತು.

ಇನ್ನು ಉಳಿದದ್ದು ಕೀಲಿ. ಅದು ಉಡದಾರದಲ್ಲಿತ್ತು. ಅಷ್ಟು ಜನ ಹೆಣ್ಣುಮಕ್ಕಳ ಮುಂದೆ ಅಧಿಕಾರ ಬಿಟ್ಟುಕೊಡುವುದು ಹೇಗೆ? ಸಂಘದ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡೆ. ದಿನಾ ಬಿಗಿದು ಬಿಗಿದು ಗಂಟು ಕಲ್ಲಾಗಿತ್ತು. ಹೊರಗೆ ಹಿಟ್ಟು, ಒಳಗೆ ಗಂಟು. ಬೆವರು ಒರೆಸಿಕೊಳ್ಳುತ್ತಿರುವಾಗ ಬಾಗಿಲ ಆಚೆಯಿಂದ ಶಾಂತಾ ಕೇಳಿದಳು: “ಬಿಚ್ಚವಲ್ದೇನ್ರಿ? ಕತ್ತರಿ ಕೊಡ್ಲೇನು?” ಮೆಟ್ಟಿಲುಗಳೆಲ್ಲ ನಕ್ಕವು. ಕೊನೆಗೆ ಬಾಗಿಲ ಸಂದಿಯಿಂದ ಕತ್ತರಿ ಒಳಗೆ ಬಂತು, ಕೀಲಿ ಹೊರಗೆ ಹೋಯಿತು.

ಆ ದಿನ ಮಾಡಿದ ಶಾವಿಗೆಯಂಥ ಶಾವಿಗೆಯನ್ನು ನಾನು ಆಮೇಲೆ ಕಂಡಿಲ್ಲ. ಮಣೆಯ ಮೇಲೆ ಒಬ್ಬಳು ಕುದುರೆ ಏರಿದಂತೆ ಕೂತು ಅಂಗೈಯಲ್ಲಿ ಹಿಟ್ಟು ಹೊಸೆಯುತ್ತಿದ್ದಳು. ಕೆಳಗೆ ಇಳಿಯುವ ಎಳೆಯನ್ನು ಇನ್ನೊಬ್ಬಳು ತುಂಡಾಗದಂತೆ ಹಿಡಿಯುತ್ತಿದ್ದಳು, ಮತ್ತೊಬ್ಬಳು ಅದನ್ನು ಕೋಲಿಗೆ ಹಾಕುತ್ತಿದ್ದಳು. ಕೊಪ್ಪಳದ ಬಿಸಿಲನ್ನು ನಾವು ಬಯ್ಯದ ದಿನವಿಲ್ಲ, ಆದರೆ ಅದು ಯಾತಕ್ಕಾಗಿ ಇದೆಯೆಂದು ಅವತ್ತು ಗೊತ್ತಾಯಿತು. ಹಿಟ್ಟು ಹುಳಿ ಬರುವುದರೊಳಗೆ ಕೊನೆಯ ಎಳೆ ಕೋಲು ಸೇರಿತು. ಖಾತೂನ್‌ಬಿ ಸೆರಗಿನಿಂದ ಮುಖ ಒರೆಸಿಕೊಂಡು ಶಾಂತಾಳ ಕೈ ಹಿಡಿದುಕೊಂಡಳು. ದೂರದಿಂದ ನೋಡಿದ ನನಗೆ, ಬೀಗ ತೆಗೆಯಲು ನಾನು ಅಷ್ಟು ಹೊತ್ತು ಯಾಕೆ ಕಾದೆ ಎಂಬುದೇ ತಿಳಿಯದಾಯಿತು.

ಊಟಕ್ಕೆ ಕುಳಿತಾಗ ಹೆಂಡತಿಯನ್ನು ಕೇಳಿದೆ, “ಮನಿ ವಿಚಾರ ನಿನಗ ಮೊದಲ ಹೊಳದಿತ್ತೇನು?”

“ಹೊಳೀದೇನ? ಇಲಾಖೆಗೆ ಅಂಜಿ ನನ್ನ ಹೆಸರಿಗೆ ಹಚ್ಚೀರಿ ಅನ್ನೂದು ಅವತ್ತ ಗೊತ್ತಿತ್ತು.”

“ಮತ್ತ ಸುಮ್ಮನ ಯಾಕಿದ್ದಿ?”

“ಮಲ್ಲಿಗಿ ತಂದಿದ್ರೆಲ್ಲ,” ಎಂದು ರೊಟ್ಟಿ ಬಡಿಸಿದಳು. ರೊಟ್ಟಿಯ ಮೇಲೆ ಆ ದಿನ ಬೆಣ್ಣೆ ಸ್ವಲ್ಪ ಹೆಚ್ಚೇ ಇತ್ತು.

ಸಂಘ ಮುರಿದು ಬಿತ್ತೆಂದು ನೀವು ತಿಳಿಯಬಾರದು. ಒಡತಿಯರು ನಮ್ಮ ಮೇಲೆ ದೊಡ್ಡ ಮನಸ್ಸು ಮಾಡಿದರು. ಬೀದಿ ದೀಪ, ಚರಂಡಿ, ಬಾವುಟ ಇವುಗಳ ಬಗ್ಗೆ ಕಮಿಟಿಯೇ ತೀರ್ಮಾನ ಮಾಡಲಿ, ಮಾಳಿಗೆಯನ್ನು ತಾವು ನೋಡಿಕೊಳ್ಳುತ್ತೇವೆ ಎಂದರು. ದೊಡ್ಡಬಸಪ್ಪನವರು ಅಧ್ಯಕ್ಷರಾಗಿಯೇ ಉಳಿದರು, ನಾನು ಕಾರ್ಯದರ್ಶಿಯಾಗಿಯೇ ಉಳಿದೆ. ಜೊತೆಗೆ ಇನ್ನೊಂದು ಜವಾಬ್ದಾರಿ ಸೇರಿತು. ಮರುದಿನವೂ ಶಾವಿಗೆಗೆ ಬಿಸಿಲು ಬೇಕಿತ್ತು. ಗುಡ್ಡದ ಮಂಗಗಳು ಸುದ್ದಿ ತಿಳಿದು ಆಗಲೇ ಪಕ್ಕದ ತಗಡಿನ ಮೇಲೆ ಬಂದು ಕುಳಿತಿದ್ದವು. ಕಾವಲಿಗೆ ಯಾರು ಎಂಬ ಪ್ರಶ್ನೆ ಬಂದಾಗ ನನ್ನ ಹೆಸರನ್ನು ನನ್ನ ಹೆಂಡತಿ ಸೂಚಿಸಿದಳು, ಗೌರಮ್ಮ ಅನುಮೋದಿಸಿದರು. ನಾನು ಕಚೇರಿಗೆ ರಜೆ ಹಾಕಿ, ಕೋಲು ಹಿಡಿದು, ಕುರ್ಚಿ ಹಾಕಿಕೊಂಡು ಮಾಳಿಗೆಯ ಮೇಲೆ ಕುಳಿತೆ. ಸ್ವಲ್ಪ ಹೊತ್ತಿಗೆ ದೊಡ್ಡಬಸಪ್ಪನವರೂ ತಮ್ಮ ಕುರ್ಚಿ ಎತ್ತಿಕೊಂಡು ಮೇಲೆ ಬಂದರು. ತಮ್ಮನ್ನು ಯಾರು ಕಳಿಸಿದರೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಿಜ ಹೇಳಬೇಕೆಂದರೆ ಅಂಥ ಸುಖದ ಬೆಳಗನ್ನು ನಾನು ಸರ್ಕಾರಿ ನೌಕರಿಯಲ್ಲಿ ಕಂಡಿರಲಿಲ್ಲ. ಸುತ್ತ ಬಿಳಿಯ ಎಳೆಗಳು ಗಾಳಿಗೆ ಅಲ್ಲಾಡುತ್ತಿದ್ದವು. ಆಗಾಗ ಕೆಳಗಿನಿಂದ ಚಹಾ ಬರುತ್ತಿತ್ತು. ಆದರೆ ಹೊತ್ತು ಏರಿದಂತೆ ಬಿಸಿಲು ನೆತ್ತಿ ಸುಡತೊಡಗಿತು. ಅಧ್ಯಕ್ಷರು ಟೋಪಿ ತೆಗೆದು ತಲೆ ಒರೆಸಿಕೊಂಡು, “ಸೆಕ್ರೆಟರಿ, ಇಲ್ಲೆ ನೆಳ್ಳಿಗೆ ಒಂದು ತಟ್ಟಿ ಹಾಕಸೂಣೇನು? ನಾವಿಬ್ಬರ ಅದೀವಿ, ತೀರ್ಮಾನ ಮಾಡಿಬಿಡೂಣು” ಎಂದರು. ನನಗೂ ಹೌದೆನಿಸಿತು. ಆದರೂ ಒಂದು ಮಾತು ಕೇಳುವುದು ಒಳ್ಳೆಯದೆಂದು ಇಬ್ಬರೂ ಎದ್ದು ಅಂಚಿಗೆ ಹೋಗಿ ಕೆಳಗೆ ಬಗ್ಗಿ ಕೇಳಿದೆವು.

“ನೆಳ್ಳು ಮಾಡಿದ್ರ ಶಾವಿಗಿ ಹ್ಯಾಂಗ ಒಣಗತಾವ್ರಿ? ಸುಮ್ಮನ ಕುಂದರ್ರಿ,” ಎಂದಿತು ಕೆಳಗಿನಿಂದ ಒಂದು ದನಿ. ಅದು ಅವರ ಮನೆಯವರದೋ ನಮ್ಮ ಮನೆಯವಳದೋ ಸರಿಯಾಗಿ ತಿಳಿಯಲಿಲ್ಲ.

ನಾವಿಬ್ಬರೂ ಟವೆಲನ್ನು ತಲೆಯ ಮೇಲೆ ಹಾಕಿಕೊಂಡು ಸುಮ್ಮನೆ ಕುಳಿತೆವು. ನಮ್ಮ ಸಂಘದ ಚರಿತ್ರೆಯಲ್ಲಿ, ಹೊರಟ ಮರುಕ್ಷಣವೇ ಪೂರ್ತಿಯಾಗಿ ಜಾರಿಗೆ ಬಂದ ಆದೇಶ ಅದೊಂದೇ.